ನಮ್ಮ ಮುಖ ಯಾರ ಆಸ್ತಿ?

ಹೊಲ ಕಿತ್ತುಕೊಳ್ಳಲು ಬರುವ ಕೆಐಎಡಿಬಿ ಒಂದು ನೋಟೀಸನ್ನಾದರೂ ಕೊಡುತ್ತದೆ. ನಮ್ಮ ಮುಖ ಎತ್ತಿಕೊಂಡು ಹೋಗಲು ಬರುವ ಕ್ಯಾಮೆರಾ ಅದನ್ನೂ ಕೊಡುವುದಿಲ್ಲ. ಬರುತ್ತಾರೆ. ಅಜ್ಜಿಯ ಸುಕ್ಕುಗಟ್ಟಿದ ಕೆನ್ನೆಗೆ ಕ್ಯಾಮೆರಾ ಹಿಡಿಯುತ್ತಾರೆ. 'ಅಳಬೇಡಿ ಅಮ್ಮಾ' ಅಂತ ಬಾಯಲ್ಲಿ ಹೇಳುತ್ತಲೇ ಅಳು ಬರೋವರೆಗೂ ಕಾಯುತ್ತಾರೆ. ಹೋಗುತ್ತಾರೆ. ಆಮೇಲೆ ಆ ಅಜ್ಜಿ ಬೆಂಗಳೂರಿನ ತಣ್ಣನೆಯ ಸಭಾಂಗಣದಲ್ಲಿ ಇಂಗ್ಲಿಷ್ ಅಕ್ಷರಗಳ ಮೇಲೆ ಕೂತು ಅಳುತ್ತಾಳೆ. ದೇವನಹಳ್ಳಿಯಿಂದ ಅಲ್ಲಿಗೆ ಎಷ್ಟು ದೂರ? ಒಂದು ಬಸ್ಸಿನ ದಾರಿ. ಆದರೂ ಆ ಚಿತ್ರ ವಾಪಸು ಊರಿಗೆ ಬರಲ್ಲ.

ಇದಕ್ಕೆ ಸಾಕ್ಷ್ಯಚಿತ್ರ ಅಂತ ಹೆಸರು. ಕೋರ್ಟಿನಲ್ಲಿ ಸಾಕ್ಷಿ ಹೇಳಿದವನಿಗೆ ಬರೆದುಕೊಂಡದ್ದನ್ನು ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಿಕೊಳ್ಳಲು ಬಿಡಬೇಕು ಅನ್ನುತ್ತದೆ ಕಾನೂನು. ಸಿನಿಮಾದಲ್ಲಿ ಸಾಕ್ಷಿ ಹೇಳಿದ ನಮ್ಮವರಿಗೆ ಅಷ್ಟೂ ಹಕ್ಕಿಲ್ಲವೇ?

ಇಂಥ ಚಿತ್ರಗಳ ಕರಪತ್ರದಲ್ಲಿ ಒಂದು ಮಾತು ಇಣುಕುತ್ತದೆ: 'ಉಪಸಂಸ್ಕೃತಿ'. ಯಾವುದು ಸ್ವಾಮಿ ಉಪ? ನಿಮ್ಮ ವೀಣೆ ಸಂಸ್ಕೃತಿ, ನಮ್ಮ ತಮಟೆ ಉಪವೋ? ತಮಟೆ ಬಡಿಯುವ ಕೈಯನ್ನು ನಿಧಾನವಾಗಿ, ಚೆಂದವಾಗಿ ತೋರಿಸುತ್ತೀರಿ. ಆ ಕೈಯಿಂದ ಊರಹಬ್ಬದಲ್ಲಿ ಬಿಟ್ಟಿ ಚಾಕರಿ ಮಾಡಿಸಿಕೊಂಡವರು ಯಾರು, ಬಡಿದವನನ್ನು ಗುಡಿಯ ಹೊರಗೇ ನಿಲ್ಲಿಸಿದವರು ಯಾರು? ಅವರ ಜಗಲಿಯನ್ನು ನಿಮ್ಮ ಕ್ಯಾಮೆರಾ ಯಾಕೆ ಹತ್ತಲ್ಲ? ನಮ್ಮ ಗುಡಿಸಲಿಗೆ ಗೇಟಿಲ್ಲ, ಸಲೀಸಾಗಿ ನುಗ್ಗುತ್ತೀರಿ. ಜಾತಿಯನ್ನು ನೋಡಬೇಕಾದರೆ ಜಾತಿ ಮಾಡುವವರ ಮನೆಯಲ್ಲೂ ನೋಡಬೇಕು.

ಇದು ಹಳೇ ಚಾಳಿ. 1948ರಲ್ಲಿ ಸರ್ಕಾರ ಫಿಲ್ಮ್ಸ್ ಡಿವಿಜನ್ ಕಟ್ಟಿತು. ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಅದರ ಚಿತ್ರ ತೋರಿಸುವುದು ಕಡ್ಡಾಯವಾಗಿತ್ತು. ಅಣೆಕಟ್ಟು, ಕಾರ್ಖಾನೆ, ಮಂತ್ರಿಯ ಭಾಷಣ, ಹಿಂದಿನಿಂದ ಗಂಡಸೊಬ್ಬನ ಗಂಭೀರ ದನಿ. 2022ರಲ್ಲಿ ಅದನ್ನು ಎನ್‌ಎಫ್‌ಡಿಸಿಯೊಳಗೆ ಕರಗಿಸಿದರು. ಸಂಸ್ಥೆ ಹೋಯಿತು. ನಮ್ಮ ಬದಲಿಗೆ ತಾನೇ ಮಾತಾಡುವ ಆ ದನಿ ಮಾತ್ರ ಹೋಗಲಿಲ್ಲ.

ಎಲ್ಲರೂ ಹೀಗೇ ಅಂತ ನಾವು ಹೇಳುತ್ತಿಲ್ಲ. ದೀಪಾ ಧನರಾಜ್ ಮತ್ತು ಸಂಗಾತಿಗಳು 1980ರಲ್ಲಿ ಕಟ್ಟಿದ ಯುಗಾಂತರ ತಂಡ ನಿಪ್ಪಾಣಿಗೆ ಹೋಗಿ, ತಂಬಾಕಿನ ಧೂಳು ಕುಡಿದು ದುಡಿಯುತ್ತಿದ್ದ ಹೆಂಗಸರ ಜೊತೆ ಕೂತು, ಅವರ ಸಂಘಟನೆಯ ಕತೆಯನ್ನು ಅವರ ಬಾಯಲ್ಲೇ ಹೇಳಿಸಿತು. ಆ ಚಿತ್ರ 1982ರದು. ದುಡಿಯುವವರ ನಡುವೆ ತೋರಿಸಿ ಚರ್ಚೆ ಮಾಡುವುದೂ ಆ ತಂಡಕ್ಕೆ ಸಿನಿಮಾದ ಕೆಲಸವೇ ಆಗಿತ್ತು. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ಕಾಲೊನಿಯಲ್ಲಿ ಪೊಲೀಸರು 10 ಜನ ದಲಿತರನ್ನು ಗುಂಡಿಟ್ಟು ಕೊಂದರು. ಆ ಸಂಕಟ ತಾಳಲಾರದೆ ಹಾಡುಗಾರ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಆನಂದ್ ಪಟವರ್ಧನ್ ಅದರ ಬೆನ್ನುಹತ್ತಿ 14 ವರ್ಷ ನಡೆದು 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಮುಗಿಸಿದರು, ಮುಂಬಯಿಯ ದಲಿತ ಕೇರಿಗಳಲ್ಲಿ ತೆರೆ ಕಟ್ಟಿ ತೋರಿಸಿದರು. ಮನಸ್ಸಿದ್ದರೆ ಆಗುತ್ತದೆ.

'ಕಲಾವಿದನಿಗೆ ಷರತ್ತು ಹಾಕುವುದೇ? ಇದೂ ಸೆನ್ಸಾರ್ ತಾನೇ?' ಎಂದು ಕೆಲವರು ಮೂಗು ಮುರಿಯುತ್ತಾರೆ. ಸೆನ್ಸಾರ್ ಅಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ದಿಲ್ಲಿಯ ಕಾಲೇಜೊಂದರಲ್ಲಿ ನಕುಲ್ ಸಿಂಗ್ ಸಾಹ್ನಿಯವರ 'ಮುಜಫ್ಫರ್‌ನಗರ್ ಬಾಕಿ ಹೈ' ಪ್ರದರ್ಶನವನ್ನು ದಾಂಧಲೆ ಮಾಡಿ ನಿಲ್ಲಿಸಿದಾಗ, ಹೈದರಾಬಾದಿನಲ್ಲಿ ಪ್ರತಿಭಟಿಸಿದವರು ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಹುಡುಗರು. ಅಲ್ಲಿಂದ ಶುರುವಾದ ಕಿರುಕುಳ ರೋಹಿತ್ ವೇಮುಲನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿತು, 2016ರ ಜನವರಿ 17ರಂದು ಸಾವಿಗೆ ನೂಕಿತು. ಒಂದು ಸಾಕ್ಷ್ಯಚಿತ್ರ ನೋಡುವ ಹಕ್ಕಿಗೆ ನಮ್ಮವರು ಕೊಟ್ಟ ಬೆಲೆ ಇದು. ನಾವು ಕತ್ತರಿ ಹಿಡಿದು ಬಂದಿಲ್ಲ. 'ಮುಚ್ಚಿಡಿ' ಅನ್ನುವುದು ಸೆನ್ಸಾರ್. 'ನಮಗೂ ತೋರಿಸಿ' ಅನ್ನುವುದು ಹಕ್ಕು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಾಗಿ 2022ರ ಏಪ್ರಿಲ್‌ನಿಂದ ರೈತರು, ದಲಿತರು, ಹೆಂಗಸರು ಬಿಸಿಲು ಮಳೆ ಅನ್ನದೆ ಧರಣಿ ಕೂತರು. 2025ರ ಜೂನ್ 25ರ ದೇವನಹಳ್ಳಿ ಚಲೋದಲ್ಲಿ ಪೊಲೀಸರು ಹಿಡಿದು ವ್ಯಾನಿಗೆ ತುಂಬಿದರು. ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಆದರೆ ತಾವಾಗಿ ಕೊಡುವವರಿಂದ ಕೊಳ್ಳುತ್ತೇವೆ ಅನ್ನುವ ಬಾಲವೂ ಆ ಮಾತಿಗಿತ್ತು. ನಾಳೆ ದಲ್ಲಾಳಿ ಬಂದು 'ಯಾರ್ರೀ ಬೇಡ ಅಂದಿದ್ದು?' ಅಂದರೆ ತೋರಿಸಲು ಸಾಕ್ಷಿ ಬೇಕು. ಆ ಸಾಕ್ಷಿ ಬೇರೆಯವರ ಕಪಾಟಿನಲ್ಲಿದ್ದರೆ ಏನು ಬಂತು?

ಅದಕ್ಕೇ ಈ ಹಕ್ಕೊತ್ತಾಯ. ಚಿತ್ರ ಮೊದಲು ತೋರಬೇಕಾದ್ದು ತೆಗೆದ ಊರಲ್ಲಿ, ಕೇರಿಯೊಳಗೆ, ಕನ್ನಡದಲ್ಲಿ. ನೋಡಿದವರು ಕೇಳುವ ಪ್ರಶ್ನೆ ಮುಗಿಯೋವರೆಗೂ ತೆಗೆದವರು ಕೂತಿರಬೇಕು. 'ನನ್ ಮಗಳ ಮುಖ ತೆಗೆದ್‌ಬಿಡಿ, ನಾಳೆ ಅವ್ರ ತೋಟಕ್ಕೇ ಕೂಲಿಗೆ ಹೋಗ್ಬೇಕು ಅವ್ಳು' ಅಂತ ತಾಯಿ ಅಂದರೆ ತೆಗೆಯಲೇಬೇಕು. ಒಂದು ಪ್ರತಿ ಊರಿನಲ್ಲೇ ಉಳಿಯಬೇಕು.

ಇನ್ನು ನಮ್ಮ ಪಾಲಿನ ಕೆಲಸ. ಆ ಹಳ್ಳಿಗಳ ಹುಡುಗ ಹುಡುಗಿಯರ ಫೋನುಗಳಲ್ಲಿ ಧರಣಿಯ ಹಾಡಿದೆ, ಮಾತಿದೆ, ಲಾಠಿ ಇದೆ. ಫೋನು ಕೆಟ್ಟ ದಿನ ಅದೆಲ್ಲ ಮಣ್ಣು. ಮೇಷ್ಟ್ರೇ, ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವನ್ನು ಒಂದು ಕಡೆ ಸೇರಿಸಿ. ಯಾವ ದಿನ, ಯಾವ ಊರು, ಯಾರ ಮಾತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಸಂಘಟನೆಯ ಗೆಳೆಯರೇ, ಎರಡು ಮೂರು ಕಡೆ ಪ್ರತಿ ಇಡಿ. ಕೇರಿಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ ಎಲ್ಲರೂ ಕೂತು ನೋಡೋಣ. ಏನು ಇಡಬೇಕು, ಏನು ಬಿಡಬೇಕು ಅನ್ನುವುದನ್ನು ಧರಣಿಗೆ ಕೂತವರೇ ಹೇಳಲಿ.