ವಿಕಲ್ಪ: ಪಾಠದ ಕೊನೆಯ ಪುಟದಲ್ಲಿ ಉಳಿದ ಪರಂಪರೆ

ಕನ್ನಡ ಮಾಧ್ಯಮದ ಗಣಿತದಲ್ಲಿ ‘ಪರ್ಮ್ಯುಟೇಶನ್’ ಎಂಬುದನ್ನು ಕ್ರಮಯೋಜನೆ ಎಂದೂ ‘ಕಾಂಬಿನೇಶನ್’ ಎಂಬುದನ್ನು ವಿಕಲ್ಪ ಎಂದೂ ಕರೆಯಲಾಗುತ್ತದೆ. ವಿಕಲ್ಪವೆಂಬುದು ಆಧುನಿಕ ಕಾಲದಲ್ಲಿ ಟಂಕಿಸಿದ ಪದವಲ್ಲ. ಎಣಿಕೆಯ ಈ ಶಾಖೆಯನ್ನು ಪ್ರಾಚೀನ ಜೈನರು ಇದೇ ಹೆಸರಿನಿಂದ ಒಂದು ಸ್ವತಂತ್ರ ಗಣಿತವಿಷಯವಾಗಿ ಬೆಳೆಸಿದರು. ಎನ್.ಸಿ.ಇ.ಆರ್.ಟಿ.ಯ 11ನೆಯ ತರಗತಿಯ ಪಠ್ಯಪುಸ್ತಕವೂ ಈ ಸಂಗತಿಯನ್ನು ಒಪ್ಪಿಕೊಂಡಿದೆ, ಕ್ರಿ.ಶ. 850ರ ಸುಮಾರಿನ ಮಹಾವೀರಾಚಾರ್ಯನು ಸಾಮಾನ್ಯ ಸೂತ್ರವನ್ನು ನೀಡಿದವನೆಂದು ಸ್ಮರಿಸಿದೆ. ಆದರೆ ಆ ಮಾತು ಇರುವುದು ಅಧ್ಯಾಯದ ಕಟ್ಟಕಡೆಯ ಐತಿಹಾಸಿಕ ಟಿಪ್ಪಣಿಯಲ್ಲಿ. ಪರೀಕ್ಷೆಯ ದೃಷ್ಟಿಯಿಂದ ಓದುವವರು ತಲುಪದ ಪುಟದಲ್ಲಿ. ಕೊನೆಯಲ್ಲಿರುವ ಈ ಪರಂಪರೆಯು ಪಾಠದ ಮೊದಲಿಗೆ ಬರಬೇಕು. ಅದಕ್ಕೆ ಕಾರಣ ಅಭಿಮಾನವಲ್ಲ, ಬೋಧನೆಯ ಅಗತ್ಯ.

ಈ ಅಧ್ಯಾಯದಲ್ಲಿ ವಿದ್ಯಾರ್ಥಿಗಳು ಎಡವುವುದು ಸೂತ್ರ ತಿಳಿಯದೆ ಅಲ್ಲ, ಯಾವ ಸೂತ್ರವನ್ನು ಎಲ್ಲಿ ಹಚ್ಚಬೇಕೆಂಬುದು ತಿಳಿಯದೆ. ‘ಆಯ್ಕೆ’ ಎಂಬ ಶಬ್ದ ಕಂಡರೆ ವಿಕಲ್ಪ, ‘ಜೋಡಣೆ’ ಎಂಬ ಶಬ್ದ ಕಂಡರೆ ಕ್ರಮಯೋಜನೆ ಎಂಬ ಗುರುತಿನ ಮೇಲೆ ಅನೇಕರು ಲೆಕ್ಕ ಮಾಡುತ್ತಾರೆ. ಹತ್ತು ಜನರ ಸಂಘದಿಂದ ಮೂವರ ಸಮಿತಿಯನ್ನು ಆಯ್ಕೆ ಮಾಡುವ ವಿಧಗಳು 120. ಅದೇ ಸಂಘದಿಂದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರನ್ನು ಆಯ್ಕೆ ಮಾಡುವ ವಿಧಗಳು 720. ಎರಡೂ ಕಡೆ ‘ಆಯ್ಕೆ’ ಎಂಬ ಶಬ್ದವೇ ಇದೆ. ಮೂವರನ್ನು ಮೂರು ಸ್ಥಾನಗಳಲ್ಲಿ ಆರು ರೀತಿಯಾಗಿ ಕೂರಿಸಬಹುದೆಂಬುದನ್ನು ಕಂಡವನಿಗೆ ಮಾತ್ರ ಒಂದು ಉತ್ತರ ಮತ್ತೊಂದರ ಆರು ಪಟ್ಟು ಏಕೆಂದು ಹೊಳೆಯುತ್ತದೆ. ಶಬ್ದವನ್ನು ನಂಬಿದವನು ದಾರಿ ತಪ್ಪುತ್ತಾನೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಕೃತಿಯ ಆರಂಭದಲ್ಲಿ ಸ್ತುತಿಸಿರುವ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರದಲ್ಲಿ ವಿಕಲ್ಪದ ನಿಯಮವನ್ನು ಹೇಳುತ್ತಾನೆ. ಒಂದರಿಂದ ಏರುವ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ನೇರವಾಗಿಯೂ ಇನ್ನೊಂದರಲ್ಲಿ ವಿಲೋಮವಾಗಿಯೂ ಇರಿಸಿ, ವಿಲೋಮದ ಗುಣಲಬ್ಧವನ್ನು ನೇರದ ಗುಣಲಬ್ಧದಿಂದ ಭಾಗಿಸುವುದು ಅದರ ಸಾರ. ನಿಯಮದ ಬೆನ್ನಿಗೇ ಬರುವ ಉದಾಹರಣೆಗಳಲ್ಲಿ ಷಡ್ರಸಗಳ ಮಿಶ್ರಣವಿದೆ, ರತ್ನಗಳ ಹಾರವಿದೆ. ಆರು ರಸಗಳಲ್ಲಿ ಒಂದೊಂದನ್ನೇ ತೆಗೆದುಕೊಂಡರೆ 6, ಎರಡೆರಡನ್ನು 15, ಮೂರು ಮೂರನ್ನು 20, ನಾಲ್ಕನ್ನು 15, ಐದನ್ನು 6, ಆರನ್ನೂ 1, ಒಟ್ಟು 63. ಹುಳಿಗೆ ಉಪ್ಪು ಬೆರೆಸಿದರೂ ಉಪ್ಪಿಗೆ ಹುಳಿ ಬೆರೆಸಿದರೂ ರುಚಿ ಒಂದೇ. ಇಲ್ಲಿ ಕ್ರಮಕ್ಕೆ ಬೆಲೆಯಿಲ್ಲವೆಂಬುದನ್ನು ಯಾವ ಲಕ್ಷಣವಾಕ್ಯವೂ ಇಲ್ಲದೆ ನಾಲಗೆಯೇ ತಿಳಿಸುತ್ತದೆ. ಒಳ್ಳೆಯ ಉದಾಹರಣೆಯ ಶಕ್ತಿ ಇದು.

ಕನ್ನಡದ ವಿದ್ಯಾರ್ಥಿಗಂತೂ ಇನ್ನೂ ಹತ್ತಿರದ ಸಾಮಗ್ರಿಯುಂಟು. ಪ್ರೌಢಶಾಲೆಯ ಛಂದಸ್ಸಿನ ಪಾಠದಲ್ಲಿ ಆತ ಎಂಟು ಅಕ್ಷರಗಣಗಳನ್ನು ಕಂಠಪಾಠ ಮಾಡಿರುತ್ತಾನೆ. ಮೂರು ಸ್ಥಾನಗಳು, ಪ್ರತಿ ಸ್ಥಾನದಲ್ಲಿ ಗುರು ಅಥವಾ ಲಘು. ಆದ್ದರಿಂದ ಎರಡನ್ನು ಮೂರು ಬಾರಿ ಗುಣಿಸಿದ ಎಂಟು. ಗುರುವೇ ಇಲ್ಲದ ಗಣ ‘ನ’ ಒಂದು. ಒಂದೇ ಗುರುವಿರುವವು ಭ, ಜ, ಸ ಎಂದು ಮೂರು. ಎರಡು ಗುರುಗಳಿರುವವು ಯ, ರ, ತ ಎಂದು ಮೂರು. ಎಲ್ಲವೂ ಗುರುವಾದ ‘ಮ’ ಒಂದು. 1, 3, 3, 1 ಎಂಬ ಈ ಸಾಲು ಛಂದಃಶಾಸ್ತ್ರದ ಮೇರುಪ್ರಸ್ತಾರದ್ದೇ ಆಗಿದೆ. ಮ–ನ, ಭ–ಯ, ಜ–ರ, ಸ–ತ ಎಂದು ಗಣಗಳನ್ನು ಜೋಡಿಯಾಗಿ ನೆನಪಿಡುವ ರೂಢಿಯಲ್ಲಿ ಇನ್ನೊಂದು ಸತ್ಯ ಅಡಗಿದೆ. ಪ್ರತಿ ಜೋಡಿಯಲ್ಲಿಯೂ ಒಂದರ ಗುರು ಇನ್ನೊಂದರ ಲಘು. ಮೂರರಲ್ಲಿ ಒಂದನ್ನು ಆರಿಸುವುದೂ ಎರಡನ್ನು ಆರಿಸುವುದೂ ಎಣಿಕೆಯಲ್ಲಿ ಸಮವೆಂಬ ಪ್ರಮೇಯಕ್ಕೆ ಇದಕ್ಕಿಂತ ಸುಲಭವಾದ ಸಾಧನೆ ಬೇಕಿಲ್ಲ. ಒಂದೇ ಶಾಲೆಯ ಎರಡು ಕೊಠಡಿಗಳಲ್ಲಿ ಒಂದೇ ವಿಷಯವನ್ನು ಕಲಿಸುತ್ತಿದ್ದರೂ ನಡುವಿನ ಗೋಡೆಯಲ್ಲಿ ಬಾಗಿಲಿಲ್ಲ.

ಸಪ್ತಭಂಗಿಯನ್ನೂ ಹೀಗೆಯೇ ನೋಡಬಹುದು. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರರಿಂದ ಒಂದೊಂದಾಗಿ ಮೂರು, ಎರಡೆರಡಾಗಿ ಮೂರು, ಮೂರೂ ಸೇರಿ ಒಂದು. ಒಟ್ಟು ಏಳು ಭಂಗಗಳು. ಅಸ್ತಿ-ನಾಸ್ತಿ ಮತ್ತು ನಾಸ್ತಿ-ಅಸ್ತಿ ಬೇರೆಯೆಂದು ಎಣಿಸಿದ್ದರೆ ಸಂಖ್ಯೆ ಮೂರು, ಆರು, ಆರು ಸೇರಿ ಹದಿನೈದಾಗುತ್ತಿತ್ತು. ಏಳೇ ಏಕೆ, ಹದಿನೈದು ಏಕಲ್ಲ ಎಂಬ ಪ್ರಶ್ನೆಯನ್ನು ತರಗತಿಯ ಮುಂದಿಟ್ಟರೆ ವಿಕಲ್ಪ ಮತ್ತು ಕ್ರಮಯೋಜನೆಗಳ ಭೇದವು ಚರ್ಚೆಯಿಂದಲೇ ಹೊರಬರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಸಹಜ. ಪಠ್ಯ ಮುಗಿಸುವ ಒತ್ತಡದಲ್ಲಿ ಸಮಯವೆಲ್ಲಿ ಎಂಬುದು ಮೊದಲನೆಯದು. ಎಂಟು ಗಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿಂಗಡಿಸಲು ಒಂದು ಪೀರಿಯಡ್ ಸಾಕು. ಅರ್ಥವಾಗದ ಸೂತ್ರವನ್ನು ಮತ್ತೆ ಮತ್ತೆ ಬಾಯಿಪಾಠ ಮಾಡಿಸಲು ತಗಲುವ ಕಾಲ ಅದಕ್ಕಿಂತ ಹೆಚ್ಚು. ಎರಡನೆಯದು ಹೆಚ್ಚು ಗಂಭೀರವಾದುದು: ಗಣಿತಕ್ಕೆ ಜಾತಿ-ಮತಗಳಿಲ್ಲ, ಪೂರ್ವಜರ ಹೊಗಳಿಕೆ ಗಣಿತವಾಗದು. ಈ ಮಾತು ಸತ್ಯ. ‘ಜಗತ್ತಿನಲ್ಲೇ ಮೊದಲು’ ಎಂಬ ಘೋಷಣೆಯಿಂದ ಒಂದು ಲೆಕ್ಕವೂ ಬಿಡುವುದಿಲ್ಲ. ಮಹಾವೀರಾಚಾರ್ಯನ ಹೆಸರನ್ನು ಹೇಳಿ ಅವನ ವಿಧಾನವನ್ನು ಬಿಡುವುದಕ್ಕಿಂತ, ಹೆಸರನ್ನು ಮರೆತು ವಿಧಾನವನ್ನು ಕಲಿಸುವುದೇ ಮೇಲು.

ಆ ವಿಧಾನದ ಕ್ರಮ ಸರಳವಾದುದು. ಮೊದಲು ಎಲ್ಲ ಭೇದಗಳನ್ನೂ ಕೈಯಿಂದ ಬರೆಯುವುದು, ಅಂದರೆ ಪ್ರಸ್ತಾರ. ಬಳಿಕ ಅವುಗಳಲ್ಲಿ ಯಾವುವು ಒಂದೇ, ಯಾವುವು ಬೇರೆ ಎಂದು ವಿವೇಚಿಸುವುದು. ಪಟ್ಟಿ ಉದ್ದವಾಗಿ ಬರೆಯಲಾಗದೆ ಹೋದಾಗ ಸೂತ್ರವನ್ನು ಆಶ್ರಯಿಸುವುದು. ಇಂದಿನ ತರಗತಿಯಲ್ಲಿ ಸೂತ್ರವೇ ಮೊದಲು ಬರುತ್ತದೆ, ವಿವೇಚನೆ ಬರುವ ವೇಳೆಗೆ ಗಂಟೆ ಬಾರಿಸುತ್ತದೆ. ಈ ಕ್ರಮವನ್ನು ತಿರುಗಿಸಿದರೆ ಸಾಕು. ಕ್ರಮ ಬದಲಾದರೆ ಫಲ ಬದಲಾಗುತ್ತದೆಯೇ ಎಂಬುದೇ ಈ ಪಾಠದ ಮೂಲಪ್ರಶ್ನೆ. ಬೋಧನೆಯ ವಿಷಯದಲ್ಲಿ ಅದಕ್ಕೆ ಉತ್ತರ ಹೌದೆಂದೇ.