ಪಡೆದವರೇ ಕೊಡುವವರಾದಾಗ

ಹಸಿದವರಿಗೆ ಅನ್ನ ನೀಡುವುದು ಪುಣ್ಯದ ಕೆಲಸ. ಆದರೆ ಇಂದು ಉಂಡವರಿಗೆ ನಾಳೆ ಮತ್ತೆ ಹಸಿವಾಗುತ್ತದೆ. ನಾಳೆಯೂ ಅವರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ರೈತ ಡಾನ್ ವೆಸ್ಟ್ ಒಬ್ಬರು.

ವೆಸ್ಟ್ 'ಚರ್ಚ್ ಆಫ್ ದಿ ಬ್ರೆದ್ರೆನ್' ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಯುದ್ಧದಲ್ಲಿ ಆಯುಧ ಹಿಡಿಯಬಾರದು, ನೊಂದವರ ಸೇವೆ ಮಾಡಬೇಕು ಎಂಬುದು ಈ ಪಂಗಡದ ನಂಬಿಕೆ. 1930ರ ದಶಕದ ಕೊನೆಯಲ್ಲಿ ಸ್ಪೇನ್ ಅಂತರ್ಯುದ್ಧದಲ್ಲಿ ಬೇಯುತ್ತಿದ್ದಾಗ ವೆಸ್ಟ್ ಪರಿಹಾರ ಕಾರ್ಯಕ್ಕೆಂದು ಅಲ್ಲಿಗೆ ಹೋದರು. ನಿರಾಶ್ರಿತ ಮಕ್ಕಳಿಗೆ ಹಾಲು ಅಳೆದು ಹಂಚುವುದು ಅವರ ಕೆಲಸ. ಹಾಲು ಎಲ್ಲರಿಗೂ ಸಾಲುತ್ತಿರಲಿಲ್ಲ. ಯಾವ ಮಗುವಿಗೆ ಕೊಡುವುದು, ಯಾವ ಮಗುವಿಗೆ ಇಲ್ಲ ಎನ್ನುವುದು? ಲೋಟ ಲೋಟವಾಗಿ ಹಾಲು ಹಂಚುವ ಬದಲು ಆ ಕುಟುಂಬಗಳಿಗೆ ಹಸುವನ್ನೇ ಕೊಟ್ಟರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ.

ಊರಿಗೆ ಮರಳಿದ ವೆಸ್ಟ್ ಸುಮ್ಮನೆ ಕೂರಲಿಲ್ಲ. ತಮ್ಮ ಸುತ್ತಲಿನ ರೈತರಿಗೆ ಒಂದೊಂದು ಕಡಸು ಕೊಡುವಂತೆ ಕೇಳಿಕೊಂಡರು. 1942ರಲ್ಲಿ ಚರ್ಚ್ ಈ ಯೋಜನೆಯನ್ನು ಕೈಗೆತ್ತಿಕೊಂಡಿತು. 1944ರಲ್ಲಿ ಮೊದಲ ತಂಡದ 17 ಕಡಸುಗಳು ಹಡಗಿನಲ್ಲಿ ಪೋರ್ಟೊ ರಿಕೊ ದ್ವೀಪ ತಲುಪಿದವು.

ಕಡಸುಗಳೇ ಏಕೆ? ಇನ್ನೂ ಕರು ಹಾಕದ ಹಸುವನ್ನು ದಾರಿಯಲ್ಲಿ ಕರೆಯುವ ತಾಪತ್ರಯವಿಲ್ಲ. ಗಬ್ಬವಾದ ಕಡಸು ಹೋದ ಮನೆಯಲ್ಲಿ ಕರು ಹಾಕಿದರೆ ಆ ಮನೆಗೆ ಹಾಲೂ ಉಂಟು, ಕರುವೂ ಉಂಟು.

ಗೋದಾನ ನಮಗೆ ಹೊಸ ಮಾತಲ್ಲ. ಆದರೆ ವೆಸ್ಟ್ ಅವರ ಯೋಜನೆಯಲ್ಲಿ ಒಂದು ಷರತ್ತಿತ್ತು. ಹಸು ಪಡೆದವರು ಅದರ ಮೊದಲ ಹೆಣ್ಣುಗರುವನ್ನು ಮತ್ತೊಂದು ಬಡ ಕುಟುಂಬಕ್ಕೆ ಕೊಡಬೇಕು. ನಿನ್ನೆ ಕೈಯೊಡ್ಡಿದವರು ಇಂದು ಕೊಡುವವರಾಗುತ್ತಾರೆ. ನೆರವು ಪಡೆದೆವೆಂಬ ಸಂಕೋಚ ಅಲ್ಲಿಗೆ ಕಳೆಯುತ್ತದೆ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಹಟ್ಟಿಗಳು ಬರಿದಾಗಿದ್ದವು. 1945ರಿಂದ 1947ರವರೆಗೆ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯ ಹಡಗುಗಳಲ್ಲಿ ಹಸು, ಕುದುರೆಗಳನ್ನು ಸಾಗಿಸಲಾಯಿತು. ಅವುಗಳಿಗೆ ಮೇವು, ನೀರು ಕೊಟ್ಟು ಸಮುದ್ರ ದಾಟಿಸಿದವರು ಸುಮಾರು 7,000 ಮಂದಿ. ಅವರಲ್ಲಿ ರೈತರಿದ್ದರು, ಶಿಕ್ಷಕರಿದ್ದರು, ವಿದ್ಯಾರ್ಥಿಗಳೂ ಇದ್ದರು.

ಹಸು ಕೊಟ್ಟ ಮಾತ್ರಕ್ಕೆ ಬಡತನ ನೀಗದು. ಮೇವು, ಕೊಟ್ಟಿಗೆ, ಔಷಧಿ ಇಲ್ಲದ ಮನೆಗೆ ಹಸು ಬಂದರೆ ಅದೂ ಒಂದು ಹೊರೆಯೇ. ಆದ್ದರಿಂದಲೇ ಸಾಕುವ ತರಬೇತಿಯೂ ಈ ಕಾರ್ಯದ ಭಾಗವಾಯಿತು. 'ಹೈಫರ್ ಇಂಟರ್‌ನ್ಯಾಷನಲ್' ಎಂಬ ಹೆಸರಿನಲ್ಲಿ ಬೆಳೆದ ಈ ಸಂಸ್ಥೆ ಮುಂದೆ ಆಡು, ಕೋಳಿ, ಜೇನುಹುಳುಗಳನ್ನೂ ಕೊಡತೊಡಗಿತು.

ವೆಸ್ಟ್ 1971ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ಪರಿಹಾರ ನಿಧಿಯ ಡಬ್ಬಿ ಮುಂದೆ ಬಂದಾಗ ಮಕ್ಕಳು ಕಾಸು ಹಾಕಲಿ. ಆ ಕಾಸು ಪಡೆದವರು ಮುಂದೆ ಯಾರ ಹಂಗೂ ಇಲ್ಲದೆ ಬದುಕಲು ಇನ್ನೇನು ಬೇಕು ಎಂದೂ ಕೇಳಲಿ. ಮನೆಯಲ್ಲಿ ತಂದೆ ತಾಯಿ ಮಕ್ಕಳೊಡನೆ ಕುಳಿತು ಚರ್ಚಿಸಬೇಕಾದ ಪ್ರಶ್ನೆ ಇದು.