ಬೂದಿ ದಿಬ್ಬದಲ್ಲಿ ದನದ ಹೆಜ್ಜೆ

ಪುರಾತತ್ವ ಶೋಧನೆ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಏನು? ಚಿನ್ನದ ನಾಣ್ಯ ತುಂಬಿದ ಕೊಪ್ಪರಿಗೆ, ರಾಜರ ಕತ್ತಿ, ಕಲ್ಲಿನ ಶಾಸನ, ಅಲ್ಲವೇ? ಆದರೆ ಮಕ್ಕಳೇ, ದಕ್ಷಿಣ ಭಾರತದ ಮೊಟ್ಟಮೊದಲ ರೈತರ ಕಥೆಯನ್ನು ನಮಗೆ ಹೇಳಿದ್ದು ಇವು ಯಾವುವೂ ಅಲ್ಲ. ಅದನ್ನು ಹೇಳಿದ್ದು ಸೆಗಣಿ! ನಗಬೇಡಿ, ಮುಂದೆ ಓದಿ.

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿಯ ಸೀಮೆಯಲ್ಲಿ ಅಲ್ಲಲ್ಲಿ ಬೂದಿ ಬಣ್ಣದ ದಿಬ್ಬಗಳಿವೆ. ಪಕ್ಕದ ಆಂಧ್ರ, ತೆಲಂಗಾಣಗಳಲ್ಲೂ ಇವೆ. ಎಲ್ಲ ಸೇರಿದರೆ 100ಕ್ಕೂ ಹೆಚ್ಚು. ಕೆಲವು ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಕೆಲವು ಎರಡಾಳು ಮೂರಾಳು ಎತ್ತರ. ಅವುಗಳ ಮಗ್ಗುಲು ಕುಸಿದ ಕಡೆ ನೋಡಿದರೆ ಪದರ ಪದರವಾಗಿ ಕಾಣುತ್ತವೆ. ಒಂದು ಪದರ ಮುಟ್ಟಿದರೆ ಉದುರುವ ಮೆತ್ತನೆಯ ಬೂದಿ. ಇನ್ನೊಂದು ಗಾಜು ಕರಗಿ ಹೆಪ್ಪುಗಟ್ಟಿದಂಥ ಗಟ್ಟಿ ಕಿಟ್ಟ.

ಇಷ್ಟು ಬೂದಿ ಎಲ್ಲಿಂದ ಬಂತು? ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ತೋರಿಸಿ, 'ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ದಹಿಸಿದ್ದು ಇಲ್ಲೇ' ಎನ್ನುತ್ತಾರೆ ಅಲ್ಲಿನವರು. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಕಂಡ ಬ್ರಿಟಿಷ್ ಅಧಿಕಾರಿಗಳಿಗೂ ಗೊಂದಲವಾಯಿತು. ಜ್ವಾಲಾಮುಖಿ ಉಗುಳಿದ್ದು ಎಂದರು ಒಬ್ಬರು. ಲೋಹ ಕರಗಿಸಿದ ಜಾಗ ಎಂದರು ಇನ್ನೊಬ್ಬರು. ಯುದ್ಧದಲ್ಲಿ ಸತ್ತವರನ್ನು ಒಟ್ಟಾಗಿ ಸುಟ್ಟಿರಬೇಕು ಎಂದವರೂ ಇದ್ದರು.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಾತ್ರ ಬೇರೆಯೇ ಮಾತು ಹೇಳಿದರು: ಇದು ದನದ ಸೆಗಣಿ ಸುಟ್ಟ ಬೂದಿ, ಕಲ್ಲಿನ ಕೊಡಲಿ ಬಳಸುತ್ತಿದ್ದ ಕಾಲದ ಜನರ ದನದ ದೊಡ್ಡಿಗಳು ಇಲ್ಲಿದ್ದವು. ಈ ಮಾತು ದೃಢವಾಗಲು ಬಹಳ ಕಾಲ ಬೇಕಾಯಿತು.

1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೊಂದು ದಿಬ್ಬವನ್ನು ಅಗೆದರು. ಗಡಿಬಿಡಿಯ ಅಗೆತವಲ್ಲ ಅದು. ಕೇಕಿನ ಮೇಲಿನ ಕೆನೆಯನ್ನು ಚಮಚದಿಂದ ಮೆಲ್ಲಗೆ ತೆಗೆಯುತ್ತೇವಲ್ಲ, ಹಾಗೆ ಒಂದೊಂದೇ ಪದರ ಬಿಡಿಸುತ್ತಾ ಹೋಗುವ ಕೆಲಸ. ಅಲ್ಲಿ ಸಾಲಾಗಿ ಗೂಟ ನೆಟ್ಟ ಕುಳಿಗಳು ಕಂಡವು. ಮರ ಎಂದೋ ಹೋಗಿತ್ತು, ಕುಳಿ ಉಳಿದಿತ್ತು. ಕುಳಿಗಳನ್ನು ಗೆರೆಯಂತೆ ಜೋಡಿಸಿದಾಗ ದೊಡ್ಡಿಯ ಬೇಲಿಯ ಆಕಾರ ಮೂಡಿತು. ಬೇಲಿಯೊಳಗಿನ ಬೂದಿಯಲ್ಲಿ ದನಗಳ ಗೊರಸಿನ ಗುರುತುಗಳಿದ್ದವು! ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾವುದೋ ಹಸು ಇಟ್ಟ ಹೆಜ್ಜೆ, ಅದರ ಮೇಲೆ ಇನ್ನೊಂದು ಪದರ ಮುಚ್ಚಿಕೊಂಡದ್ದರಿಂದ ಹಾಗೇ ಉಳಿದುಬಿಟ್ಟಿತ್ತು.

ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಫೂಟ್ ಹೇಳಿದ್ದೇ ನಿಜವಾಯಿತು. ಗಾಜಿನಂಥ ಕಿಟ್ಟದ ಗುಟ್ಟೂ ತಿಳಿಯಿತು. ಹುಲ್ಲಿನಲ್ಲಿ ಸಿಲಿಕಾ ಎಂಬ ವಸ್ತು ಇರುತ್ತದೆ. ಮರಳಿನಲ್ಲಿ ಹೇರಳವಾಗಿರುವುದೂ ಅದೇ. ದನ ತಿಂದ ಹುಲ್ಲಿನ ಸಿಲಿಕಾ ಸೆಗಣಿಯಲ್ಲಿ ಸೇರುತ್ತದೆ; ಬೆಂಕಿ ಬಹಳ ಜೋರಾದಾಗ ಅದು ಕರಗಿ ಗಾಜಿನಂತಾಗುತ್ತದೆ.

ಹಾಗಾದರೆ ಆ ದನಗಳ ಒಡೆಯರು ಹೇಗಿದ್ದರು? ಇದಕ್ಕೆ ಉತ್ತರ ಸಿಕ್ಕಿದ್ದು ಸುರಪುರ ಸೀಮೆಯ ಬೂದಿಹಾಳದಲ್ಲಿ. ಊರಿನ ಹೆಸರಲ್ಲೇ ಬೂದಿ ಇದೆ ನೋಡಿ! ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ 1990ರ ದಶಕದಲ್ಲಿ ಇಲ್ಲಿ ವರ್ಷಗಟ್ಟಲೆ ಉತ್ಖನನ ನಡೆಸಿತು. ದಿಬ್ಬದ ಪಕ್ಕದಲ್ಲೇ ಮನೆಗಳಿದ್ದ ಕುರುಹು, ಮಡಕೆ ಚೂರು, ಕಲ್ಲಿನ ಚೂರಿ ತಯಾರಿಸುತ್ತಿದ್ದ ಜಾಗ, ಮಾಂಸ ಕಡಿಯುತ್ತಿದ್ದ ಜಾಗ ಸಿಕ್ಕವು. ಎಳೆಯ ಮಕ್ಕಳನ್ನು ಮಣ್ಣು ಮಾಡಿದ ಸಮಾಧಿಗಳೂ ಇದ್ದವು. ಅಂದರೆ ಇದು ಬರೀ ದನದ ದೊಡ್ಡಿಯಲ್ಲ. ಜನ ಬಾಳಿ ಬದುಕಿದ, ನಕ್ಕು ಅತ್ತ ಊರು.

ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಲ್ಲಿ ಅದೇ ಕಾಲದ ಜನ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅವರು ಕೊಡಲಿ ಉಜ್ಜಿದ ಗುಳಿಗಳು ಬಂಡೆಗಳ ಮೇಲೆ ಈಗಲೂ ಇವೆ. ಉದ್ದ ಕೊಂಬಿನ, ಎತ್ತರ ಹಿಣಿಲಿನ ಎತ್ತುಗಳ ಚಿತ್ರಗಳನ್ನು ಬಂಡೆಯ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳಂತೂ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ಠಣ್ ಎನ್ನುತ್ತವೆ! ಅವರು ಏನು ಉಣ್ಣುತ್ತಿದ್ದರು ಗೊತ್ತೇ? ಸುಟ್ಟು ಕರಕಲಾಗಿ ಉಳಿದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಇವತ್ತು ನಿಮ್ಮ ಮನೆಯಲ್ಲಿ ಹುರುಳಿ ಸಾರಾಗಿದ್ದರೆ, ಅದು ಅಷ್ಟು ಹಳೆಯ ಊಟ!

ಒಂದು ಪ್ರಶ್ನೆಯ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಅಷ್ಟೊಂದು ಸೆಗಣಿಯನ್ನು ಸುಟ್ಟದ್ದೇಕೆ? ದೊಡ್ಡಿ ಶುಚಿಯಾಗಲಿ, ರೋಗ ಬಾರದಿರಲಿ ಎಂದು ಸುಟ್ಟರು ಎನ್ನುತ್ತಾರೆ ಕೆಲವರು. ಋತು ಬದಲಾಗುವಾಗ ಹಬ್ಬದಂತೆ ಬೆಂಕಿ ಹಾಕುತ್ತಿದ್ದರು ಎನ್ನುವುದು ಆಲ್ಚಿನ್ ಅವರ ವಿಚಾರ. ಸಂಕ್ರಾಂತಿಯ ಸಂಜೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದ್ದೀರಾ? ಅದಕ್ಕೂ ಇದಕ್ಕೂ ನಂಟಿದೆ ಎಂದು ಅಷ್ಟರಿಂದಲೇ ಹೇಳಲಾಗದು. ಆದರೆ ದನ ಮತ್ತು ಬೆಂಕಿ ಒಂದೇ ಹಬ್ಬದಲ್ಲಿ ಸೇರುವುದು ನಮಗೆ ಹೊಸತೇನಲ್ಲ.

ಈಗ ಬೇಸರದ ಸಂಗತಿ. ಈ ದಿಬ್ಬಗಳು ಕರಗುತ್ತಿವೆ. ಬೂದಿ ಒಳ್ಳೆಯ ಗೊಬ್ಬರವೆಂದು ಹೊಲಕ್ಕೆ ಹೇರಿದ್ದುಂಟು. ರಸ್ತೆಗೆ, ಕಟ್ಟಡಕ್ಕೆ ಜಾಗ ಬೇಕೆಂದು ಸಮ ಮಾಡಿದ್ದುಂಟು. ಕಪ್ಪಗಲ್ಲಿನ ಬೆಟ್ಟಕ್ಕೆ ಕಲ್ಲುಗಣಿಗಾರಿಕೆಯ ಏಟು ಬಿದ್ದಿದೆ. ಚಿನ್ನದ ಸರ ಕಳೆದರೆ ಊರೆಲ್ಲ ಹುಡುಕುತ್ತೇವೆ. ಬೂದಿ ಹೋದರೆ ಯಾರು ಕೇಳುತ್ತಾರೆ? ಆದರೆ ಅಕ್ಷರ ಬಾರದ ಆ ಜನ ತಮ್ಮ ಬಗ್ಗೆ ಏನೂ ಬರೆದಿಡಲಿಲ್ಲ. ಅವರ ಪುಸ್ತಕ ಎಂದರೆ ಈ ಬೂದಿಯೇ. ಒಂದು ಲಾರಿ ಬೂದಿ ಹೋದರೆ ಆ ಪುಸ್ತಕದ ಒಂದು ಕಟ್ಟು ಹಾಳೆ ಹರಿದಂತೆ. ಆ ಹಾಳೆಗೆ ಇನ್ನೊಂದು ಪ್ರತಿ ಇಲ್ಲ.

ನೀವೇನು ಮಾಡಬಹುದು? ಬಳ್ಳಾರಿಗೆ ಹೋದರೆ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಲು ಅಪ್ಪ ಅಮ್ಮನಿಗೆ ಹೇಳಿ. ಹೊಲದಲ್ಲಿ ನುಣುಪಾದ ಕಲ್ಲಿನ ಕೊಡಲಿಯೋ ಹಳೆಯ ಮಡಕೆ ಚೂರೋ ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದ ಜಾಗವೂ ಕಥೆಯ ಅರ್ಧ ಭಾಗ. ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ, ಶಾಲೆಯ ಮೇಷ್ಟ್ರಿಗೆ ತೋರಿಸಿ, ಪುರಾತತ್ವ ಇಲಾಖೆಗೆ ತಿಳಿಸಲು ಹೇಳಿ. ಇವತ್ತು ರಾತ್ರಿ ಅಜ್ಜಿಯನ್ನು ಒಂದು ಮಾತು ಕೇಳಿ: 'ಅಜ್ಜಿ, ನಿಮ್ಮ ಕಾಲದಲ್ಲಿ ಕುಳ್ಳು ಹೇಗೆ ತಟ್ಟುತ್ತಿದ್ದಿರಿ? ಅದರ ಬೂದಿಯನ್ನು ಏನು ಮಾಡುತ್ತಿದ್ದಿರಿ?' ಅಜ್ಜಿ ಹೇಳಿದ್ದನ್ನು ಬರೆದಿಡಿ. ಅದೂ ಯಾವ ಶಾಸನದಲ್ಲೂ ಸಿಗುವುದಿಲ್ಲ.